ಜಡ್ಡಿಯ ಮರಗಳು ಉತ್ತರಕ್ಕೆ ಹೋಗುತ್ತವೆಯೆ?

ಪ್ರಶ್ನೆ: ಸಿದ್ದಾಪುರ ತಾಲ್ಲೂಕಿನ ನಮ್ಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯಲ್ಲಿ ನಾನೂ ಒಬ್ಬ ಸದಸ್ಯ. ನಮ್ಮ ಕಾನಿನೊಳಗೆ ಒಂದು ರಾಮಪತ್ರೆ ಜಡ್ಡಿ ಇದೆ, ಅಂದರೆ ಬೇಸಿಗೆಯಲ್ಲೂ ಒರತೆ ನಿಲ್ಲದ, ರಾಮಪತ್ರೆ ಬಳಗದ ಮರಗಳ ಜೌಗು ಕಾಡು. ಕಾಲೇಜು ವಿದ್ಯಾರ್ಥಿಯೊಬ್ಬರು ಅದರ ಮರಗಳ ಬಗ್ಗೆ 2070ರ ನಕ್ಷೆಯೊಂದನ್ನು ತಂದು ತೋರಿಸಿದರು. ಅದರಲ್ಲಿ ನಮ್ಮ ಜಾಗ ಪೂರ್ತಿ ಕೆಂಪು, ಅಂದರೆ ಮರಗಳಿಗೆ ಒಗ್ಗದ ಹವೆ. ಉತ್ತರಕ್ಕೆ, ಮಹಾರಾಷ್ಟ್ರದ ಕಡೆ, ಒಂದಿಷ್ಟು ಹಸಿರು ಚುಕ್ಕೆಗಳಿವೆ. ಇದನ್ನು ಎಷ್ಟು ನಂಬಬೇಕು? ಈಗಲೇ ಸಸಿ ಮಾಡಿ ಬೇರೆಡೆ ನೆಡಬೇಕೆ? ನಾವೇ ಏನನ್ನಾದರೂ ಅಳೆದು ನೋಡುವ ದಾರಿ ಇದೆಯೆ?

ಉತ್ತರ: ಕೆಂಪನ್ನು ಅರ್ಧ ನಂಬಿ. ಉತ್ತರದ ಹಸಿರನ್ನು ಸದ್ಯಕ್ಕೆ ಪಕ್ಕಕ್ಕಿಡಿ.

ಭೂಮಿ ಬಿಸಿಯಾದರೆ ಗಿಡಗಳು ಧ್ರುವದ ಕಡೆಗೂ ಬೆಟ್ಟದ ಮೇಲಕ್ಕೂ ಸರಿಯುತ್ತವೆ ಎಂಬ ಮಾತು ಯುರೋಪು, ಉತ್ತರ ಅಮೆರಿಕಗಳ ಗಿಡಗಳನ್ನು ನೋಡಿ ಹುಟ್ಟಿದ್ದು. ಅಲ್ಲಿ ಗಿಡಕ್ಕೆ ಗಡಿ ಹಾಕುವುದು ಚಳಿ, ಚಳಿ ಹಿಂದೆ ಸರಿದರೆ ಗಡಿಯೂ ಸರಿಯುತ್ತದೆ. ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಕಾಡಿನಲ್ಲಿ ಗಡಿ ಹಾಕುವುದು ಚಳಿಯಲ್ಲ, ಒಣ ತಿಂಗಳುಗಳು. ಕನ್ಯಾಕುಮಾರಿಯ ಕಡೆ ವರ್ಷಕ್ಕೆ ಎರಡು ಮೂರು ತಿಂಗಳು ಮಾತ್ರ ಒಣ ಕಾಲ. ಉತ್ತರ ಕನ್ನಡಕ್ಕೆ ಬರುವಾಗ ಅದು ಐದಾರಾಗುತ್ತದೆ, ಘಟ್ಟದ ಉತ್ತರ ತುದಿಯಲ್ಲಿ ಏಳೆಂಟು. ಒಟ್ಟು ಮಳೆಯಲ್ಲಿ ಮಹಾಬಲೇಶ್ವರ ಆಗುಂಬೆಗೆ ತೀರಾ ಹಿಂದಿಲ್ಲ, ಆದರೆ ಅಲ್ಲಿಯ ಕಾಡು ಬೇರೆಯೇ. ಇದನ್ನು ಊರೂರಿನ ಕಾಡು ಅಳೆದು ತೋರಿಸಿದವರು ಪುದುಚೇರಿಯ ಫ್ರೆಂಚ್ ಸಂಸ್ಥೆಯ ಪಾಸ್ಕಲ್ ಮತ್ತು ಅವರ ಜೊತೆಯವರು. ದಕ್ಷಿಣದ ಕಾಡಿನ ದೈತ್ಯ ಡಿಪ್ಟೆರೋಕಾರ್ಪಸ್ ಇಂಡಿಕಸ್ ಉತ್ತರ ಕನ್ನಡದವರೆಗೆ ಬಂದು ನಿಂತುಬಿಟ್ಟಿರುವುದಕ್ಕೂ ಮುಖ್ಯ ಕಾರಣ ಇದೇ. ಎಂಡೆಮಿಕ್ ಸಸ್ಯಗಳು, ಅಂದರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದೆ ಒಂದೇ ಸೀಮೆಗೆ ಕಟ್ಟುಬಿದ್ದ ಗಿಡಮರಗಳು, ಘಟ್ಟದ ದಕ್ಷಿಣ ಭಾಗದಲ್ಲೇ ಹೆಚ್ಚು ದಟ್ಟವಾಗಿವೆ.

ಹಾಗಾಗಿ ನಿಮ್ಮ ಜಡ್ಡಿಯ ಮರಕ್ಕೆ ಉತ್ತರ ದಿಕ್ಕು ತಪ್ಪಿಸಿಕೊಳ್ಳುವ ದಾರಿಯಲ್ಲ. ಅಲ್ಲಿ ಒಣಗು ಇನ್ನೂ ಹೆಚ್ಚು.

ಒಣ ತಿಂಗಳನ್ನು ನೀವೇ ಲೆಕ್ಕ ಹಾಕಬಹುದು. ಸಸ್ಯವಿಜ್ಞಾನಿಗಳು ಬಳಸುವ ಸೂತ್ರ ಬಹಳ ಸರಳ: ಒಂದು ತಿಂಗಳ ಮಳೆ ಮಿಲಿಮೀಟರಿನಲ್ಲಿ ಎಷ್ಟೋ ಅದು, ಆ ತಿಂಗಳ ಸರಾಸರಿ ಉಷ್ಣತೆಯ ಎರಡರಷ್ಟಕ್ಕಿಂತ ಕಡಿಮೆಯಾದರೆ ಅದು ಒಣ ತಿಂಗಳು. ಸರಾಸರಿ 25 ಡಿಗ್ರಿ ಸೆಲ್ಸಿಯಸ್ ಇದ್ದರೆ 50 ಮಿ.ಮೀ. ಗೆರೆ. ಇನ್ನು 2 ಡಿಗ್ರಿ ಬಿಸಿಯಾಯಿತು ಎನ್ನಿ, ಗೆರೆ 54ಕ್ಕೆ ಏರುತ್ತದೆ, ಅಷ್ಟೆ. ಅಂದರೆ ಈ ಲೆಕ್ಕದಲ್ಲಿ ಬಿಸಿ ನೇರವಾಗಿ ಮಾಡುವ ವ್ಯತ್ಯಾಸ ಸಣ್ಣದು. ದೊಡ್ಡ ವ್ಯತ್ಯಾಸ ಮಾಡುವುದು ಅಂಚಿನ ತಿಂಗಳುಗಳ ಮಳೆ: ಏಪ್ರಿಲ್, ಮೇ ಒಂದು ಕಡೆ, ಅಕ್ಟೋಬರ್, ನವೆಂಬರ್ ಇನ್ನೊಂದು ಕಡೆ. ಭರಣಿ, ಕೃತ್ತಿಕೆ ಮಳೆ ಕೈಕೊಟ್ಟರೆ ಐದು ಒಣ ತಿಂಗಳು ಆರಾಗುತ್ತವೆ. ಚಿತ್ತೆ, ಸ್ವಾತಿಯೂ ಕೈಕೊಟ್ಟರೆ ಏಳು. ಜುಲೈಯಲ್ಲಿ ಎರಡು ಸಾವಿರ ಮಿ.ಮೀ. ಸುರಿದರೂ ಆ ಏಳು ಮತ್ತೆ ಐದಾಗುವುದಿಲ್ಲ. ಊರಿನ ಹಿರಿಯರು ನಕ್ಷತ್ರದ ಮಳೆಗಳನ್ನು ಬರೆದಿಟ್ಟ ಹಳೆಯ ಪಂಚಾಂಗ, ಡೈರಿಗಳಿದ್ದರೆ ಹುಡುಕಿ ತೆಗೆಯಿರಿ. ವಿದ್ಯಾರ್ಥಿಯ ಕಂಪ್ಯೂಟರಿನಲ್ಲಿ ಇಲ್ಲದ ಮಾಹಿತಿ ಅವುಗಳಲ್ಲಿದೆ.

ಇನ್ನು, ಬಿಸಿಗೆ ಬೇರೆ ದಾರಿಯಿಂದಲೂ ಕೆಲಸವಿದೆ. ಗಾಳಿ 1 ಡಿಗ್ರಿ ಬಿಸಿಯಾದರೆ ಅದು ಹಿಡಿದಿಡಬಲ್ಲ ನೀರಾವಿ ಸುಮಾರು ಶೇ 7 ಹೆಚ್ಚುತ್ತದೆ. ಮಾರ್ಚಿಯ ಒಣ ಗಾಳಿ ಎಲೆಯಿಂದಲೂ ಮಣ್ಣಿನಿಂದಲೂ ಅಷ್ಟು ಹೆಚ್ಚು ಎಳೆದುಕೊಳ್ಳುತ್ತದೆ. ದೊಡ್ಡ ಮರಕ್ಕೆ ಆಳದ ಬೇರಿದೆ, ತಡೆಯುತ್ತದೆ. ಗೇಣುದ್ದದ ಸಸಿ ತಡೆಯುವುದಿಲ್ಲ.

ಇದುವರೆಗೆ ಆಗಿರುವುದೇನು? ಕೇಂದ್ರ ಭೂವಿಜ್ಞಾನ ಸಚಿವಾಲಯ 2020ರಲ್ಲಿ ಹೊರತಂದ ಹವಾಮಾನ ಬದಲಾವಣೆಯ ವರದಿಯ ಪ್ರಕಾರ 1901ರಿಂದ 2018ರ ನಡುವೆ ಭಾರತದ ಸರಾಸರಿ ಉಷ್ಣತೆ ಸುಮಾರು 0.7 ಡಿಗ್ರಿ ಏರಿದೆ. 1951ರಿಂದ 2015ರ ನಡುವೆ ಜೂನ್–ಸೆಪ್ಟೆಂಬರ್ ಮಳೆ ಸುಮಾರು ಶೇ 6 ಇಳಿದಿದೆ, ಇಳಿಕೆ ಎದ್ದು ಕಾಣುವ ಎರಡು ಸೀಮೆಗಳಲ್ಲಿ ಪಶ್ಚಿಮ ಘಟ್ಟ ಒಂದು. ಮಳೆಗಾಲದ ನಡುವಿನ ಒಣ ಅವಧಿಗಳೂ ಮೊದಲಿಗಿಂತ ಹೆಚ್ಚಾಗಿವೆ. ಇವು ದೊಡ್ಡ ಸೀಮೆಯ ಸರಾಸರಿಗಳು. ನಿಮ್ಮ ಹಳ್ಳಕ್ಕೆ ಇದನ್ನೇ ನೇರ ಅಂಟಿಸಬೇಡಿ.

ನಕ್ಷೆ ಎಲ್ಲಿ ಎಡವುತ್ತದೆ

ಇಂಥ ನಕ್ಷೆಯ ಹಿಂದಿನ ಕೆಲಸ ಹೀಗೆ ನಡೆಯುತ್ತದೆ. ಮರ ಎಲ್ಲೆಲ್ಲಿ ಸಿಕ್ಕಿದೆಯೋ ಆ ಜಾಗಗಳ ಅಕ್ಷಾಂಶ–ರೇಖಾಂಶ ಕೂಡಿಸುತ್ತಾರೆ. ಗಿಡಗಳನ್ನು ಒಣಗಿಸಿ ಅಂಟಿಸಿಟ್ಟ ಹರ್ಬೇರಿಯಂ ಹಾಳೆಗಳು, ಜಿಬಿಐಎಫ್ ಎಂಬ ಜೀವಿಗಳ ದಾಖಲೆಯ ಜಾಗತಿಕ ಭಂಡಾರ, ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್, ಸ್ವಂತ ಓಡಾಟ, ಇವು ಮೂಲಗಳು. ಆ ಜಾಗಗಳ ಹವೆಯನ್ನು ವರ್ಲ್ಡ್‌ಕ್ಲಿಮ್‌ನಂಥ ಸಿದ್ಧ ಪದರಗಳಿಂದ ತೆಗೆಯುತ್ತಾರೆ. ಅದರಲ್ಲಿ ಮಳೆ, ಉಷ್ಣತೆಗಳಿಗೆ ಸೇರಿದ 19 ಲೆಕ್ಕಗಳಿವೆ, ಒಂದೊಂದು ಚೌಕ ಸುಮಾರು 1 ಕಿ.ಮೀ. ಅಗಲ. ಮ್ಯಾಕ್ಸೆಂಟ್‌ನಂಥ ತಂತ್ರಾಂಶ ‘ಈ ಮರ ಇಂಥ ಹವೆಯಲ್ಲಿ ಇರುತ್ತದೆ’ ಎಂಬ ಸಂಬಂಧ ಕಲಿಯುತ್ತದೆ. ನಂತರ 2070ರ ಹವೆಯ ಪದರ ಕೊಟ್ಟು, ಅದೇ ಸಂಬಂಧ ಆಗ ಎಲ್ಲಿ ಸಿಗುತ್ತದೆ ಎಂದು ಬಣ್ಣ ಹಚ್ಚುತ್ತಾರೆ. ತಂತ್ರಾಂಶ ಮರವನ್ನು ನೋಡಿಲ್ಲ, ನೀರನ್ನು ನೋಡಿಲ್ಲ. ಅದು ನೋಡಿದ್ದು ಚೌಕದ ಸರಾಸರಿಯನ್ನು.

ಜಡ್ಡಿಯ ಮಟ್ಟಿಗೆ ಮೊದಲ ತೊಡಕು ಅಲ್ಲೇ. ಜಡ್ಡಿ ಎಷ್ಟು ಅಗಲ? ಬಹಳಷ್ಟು ಕಡೆ ಹತ್ತಾರು ಮೀಟರು. 1 ಕಿ.ಮೀ. ಚೌಕದಲ್ಲಿ ಅದು ಒಂದು ಗೀರು. ಚೌಕದ ಸರಾಸರಿ ಹೇಳುವುದು ಗುಡ್ಡದ ಹವೆಯನ್ನು, ಜಡ್ಡಿಯ ತಂಪನ್ನಲ್ಲ. ಜೊತೆಗೆ ಹಳೆಯ ಹರ್ಬೇರಿಯಂ ಚೀಟಿಯಲ್ಲಿ ‘ಆಗುಂಬೆ’ ಎಂದಷ್ಟೇ ಇರುತ್ತದೆ. ಅದು ಘಟ್ಟದ ಮೇಲೋ ಕೆಳಗೋ? ಆಗುಂಬೆಯಲ್ಲಿ ಎರಡು ಮೂರು ಕಿಲೋಮೀಟರು ತಪ್ಪಿದರೆ ಎತ್ತರದಲ್ಲಿ ನಾನೂರು ಐನೂರು ಮೀಟರು ತಪ್ಪಬಹುದು. ಬಯಲುಸೀಮೆಯ ಗಿಡಕ್ಕೆ ಅಷ್ಟು ತಪ್ಪು ಏನೂ ಅಲ್ಲ, ಘಟ್ಟದ ಗಿಡಕ್ಕೆ ಅದೇ ಎಲ್ಲ.

ಎರಡನೆಯದು ಲೆಕ್ಕಗಳ ಆಯ್ಕೆ. 19ರಲ್ಲಿ ‘ಅತಿ ಒಣ ತಿಂಗಳ ಮಳೆ’ ಎಂಬುದೊಂದಿದೆ. ಉತ್ತರ ಕನ್ನಡದಲ್ಲೂ ಅದು ಸೊನ್ನೆಯ ಹತ್ತಿರ, ರತ್ನಾಗಿರಿಯಲ್ಲೂ ಸೊನ್ನೆಯ ಹತ್ತಿರ. ಎರಡೂ ಕಡೆ ಒಂದೇ ಎಂದು ತಂತ್ರಾಂಶ ಭಾವಿಸುತ್ತದೆ. ಒಣಗು ಎಷ್ಟು ತೀವ್ರ ಎಂಬುದಕ್ಕಿಂತ ಎಷ್ಟು ಉದ್ದ ಎಂಬುದು ಮುಖ್ಯವಾದ ಜಾಗ ಇದು. ಆ 19ರಲ್ಲಿ ಒಣ ತಿಂಗಳ ಎಣಿಕೆ ಇಲ್ಲವೇ ಇಲ್ಲ. ತಿಂಗಳುವಾರು ಮಳೆ, ಉಷ್ಣತೆಯ ಪದರಗಳಿಂದ ಅದನ್ನು ಬೇರೆಯಾಗಿ ತಯಾರಿಸಿ ಸೇರಿಸಬೇಕು. ನಿಮ್ಮ ನಕ್ಷೆಯ ಉತ್ತರದ ಹಸಿರು ಹುಟ್ಟಿದ್ದು ಇಲ್ಲಿಂದಲೇ ಇರಬಹುದೆಂದು ನನ್ನ ಗುಮಾನಿ. ಒಟ್ಟು ಮಳೆ ಸಾಕಷ್ಟು, ಉಷ್ಣತೆ ಹೊಂದುತ್ತದೆ, ಆದ್ದರಿಂದ ಹಸಿರು!

ಮೂರನೆಯದು ಭವಿಷ್ಯದ ಹವೆ. ಜಾಗತಿಕ ಹವಾ ಮಾದರಿಗಳ ಒಂದು ಚೌಕ ಸಾಮಾನ್ಯವಾಗಿ ನೂರು ಕಿ.ಮೀ. ಆಸುಪಾಸು. ಘಟ್ಟದ ಅಗಲವೇ ಹಲವೆಡೆ ಅದಕ್ಕಿಂತ ಕಡಿಮೆ. ಅಂದಮೇಲೆ ಆ ಮಾದರಿಗೆ ಸಹ್ಯಾದ್ರಿ ಒಂದು ತಗ್ಗು ದಿಬ್ಬ. ಮೋಡವನ್ನು ತಡೆದು ಮಳೆ ಸುರಿಸುವ ಗೋಡೆಯೇ ಅಲ್ಲಿಲ್ಲ. ಉಷ್ಣತೆ ಏರುತ್ತದೆ ಎಂಬುದರಲ್ಲಿ ಎಲ್ಲ ಮಾದರಿಗಳೂ ಒಂದೇ ಮಾತು, ಘಟ್ಟದ ಮಳೆ ಯಾವ ತಿಂಗಳಲ್ಲಿ ಎಷ್ಟಾಗುತ್ತದೆ ಎಂದಾಗ ಒಂದೊಂದರದು ಒಂದೊಂದು ದಾರಿ. ಒಂದೇ ಮಾದರಿಯಿಂದ ಮಾಡಿದ ನಕ್ಷೆಗೆ ಬೆಲೆ ಕಡಿಮೆ. ನಾಲ್ಕೈದು ಮಾದರಿ, ಮುಂದೆ ಇಂಗಾಲ ಎಷ್ಟು ಹೊರಬೀಳಬಹುದೆಂಬ ಕನಿಷ್ಠ ಎರಡು ಹೊರಸೂಸುವಿಕೆಯ ದಾರಿ, ಉದಾಹರಣೆಗೆ ಎಸ್‌ಎಸ್‌ಪಿ 2-4.5 ಮತ್ತು 5-8.5, ಇಟ್ಟುಕೊಂಡು ಎಲ್ಲಿ ಎಲ್ಲವೂ ಒಪ್ಪುತ್ತವೆ, ಎಲ್ಲಿ ಜಗಳವಾಡುತ್ತವೆ ಎಂದು ತೋರಿಸುವ ಇನ್ನೊಂದು ನಕ್ಷೆ ಜೊತೆಗಿರಬೇಕು.

ಆದರೆ ಎಲ್ಲಕ್ಕಿಂತ ದೊಡ್ಡ ತೊಡಕಿಗೆ ಪಾಠ ನಿಮ್ಮ ತಾಲ್ಲೂಕಿನಲ್ಲೇ ಇದೆ. ಕತ್ತಲೆಕಾನಿನ ಜಡ್ಡಿಗಳಲ್ಲಿ ಮಧುಕ ಬೋರ್ಡಿಲ್ಲೋನಿ ಮತ್ತು ಸಿಜಿಜಿಯಂ ಟ್ರಾವಂಕೋರಿಕಂ ಎಂಬ ಎರಡು ಮರಗಳಿವೆ. ಮೊದಲನೆಯದು ಇಪ್ಪೆಯ ಬಳಗ, ಎರಡನೆಯದು ನೇರಳೆಯ ಬಳಗ. ಎರಡೂ ಕೇರಳದ ದಕ್ಷಿಣ ಭಾಗದ ಮರಗಳೆಂದೇ ದಾಖಲೆಗಳಲ್ಲಿ ಇದ್ದವು. ಈ ಶತಮಾನದ ಮೊದಲ ದಶಕದಲ್ಲಿ ಉತ್ತರ ಕನ್ನಡದಲ್ಲಿ ಕಂಡಾಗ ಸಸ್ಯಶಾಸ್ತ್ರಜ್ಞರೇ ಬೆರಗಾದರು. ಈಗ ಊಹಿಸಿ: 1990ರಲ್ಲಿ ಯಾರಾದರೂ ದಕ್ಷಿಣ ಕೇರಳದ ಚುಕ್ಕೆಗಳನ್ನಷ್ಟೇ ಇಟ್ಟುಕೊಂಡು ಇಂಥ ನಕ್ಷೆ ಮಾಡಿದ್ದರೆ ಸಿದ್ದಾಪುರ ಆಗಲೇ ಕೆಂಪಾಗಿರುತ್ತಿತ್ತು. ಎರಡು ಮೂರು ತಿಂಗಳ ಒಣಗಿಗೆ ಒಗ್ಗಿದ ಮರ ಐದಾರು ತಿಂಗಳ ಒಣಗಿನಲ್ಲಿ ಬಾಳದು ಎಂದು ಅದು ಹೇಳುತ್ತಿತ್ತು. ಆದರೆ ಮರ ಆಗಲೂ ಇಲ್ಲೇ ನಿಂತಿತ್ತು. ಬೇಸಿಗೆಯಲ್ಲೂ ಒರತೆ ನಿಲ್ಲದ ಜಡ್ಡಿ ಆ ಮೂರು ತಿಂಗಳ ಕೊರತೆಯನ್ನು ತುಂಬಿಕೊಡುತ್ತಿತ್ತು. ಗಿಡ ಇಂದು ಎಲ್ಲಿದೆ ಎಂಬುದು ಅದು ಎಲ್ಲಿ ಇರಬಲ್ಲದು ಎಂಬುದಕ್ಕೆ ಪೂರ್ತಿ ಉತ್ತರವಲ್ಲ. ಬೀಜ ಒಯ್ಯುವ ಹಕ್ಕಿ, ಹಿಂದಿನ ಕಾಲದ ಕಾಡು, ಮನುಷ್ಯ ಕಡಿದದ್ದು, ಎಲ್ಲ ಸೇರಿ ಅದರ ನೆಲೆಯನ್ನು ಕಿರಿದು ಮಾಡಿರುತ್ತವೆ.

ಇದನ್ನು ತಿರುಗಿಸಿಯೂ ಓದಬೇಕು. ಕೆಂಪು ನಕ್ಷೆ ನಿಮ್ಮನ್ನು ಅತಿಯಾಗಿ ಹೆದರಿಸುತ್ತಿರಬಹುದು ನಿಜ, ಆದರೆ ಮರ ಬದುಕಿರುವುದು ಒರತೆಯ ಮೇಲೆ ಎಂದಾದರೆ, ಒರತೆ ನಿಂತ ವರ್ಷ ನಕ್ಷೆಯಲ್ಲಿ ಹಸಿರಿದ್ದೂ ಪ್ರಯೋಜನವಿಲ್ಲ.

ಚುಕ್ಕೆಗಳ ಸಂಖ್ಯೆಯೂ ಮುಖ್ಯ. ಒಂದೇ ಚೌಕದಲ್ಲಿ ಬಿದ್ದ ಹಲವು ಚುಕ್ಕೆಗಳನ್ನು ಒಂದೆಂದೇ ಎಣಿಸಬೇಕು. ಹಾಗೆ ಸೋಸಿದ ಮೇಲೆ 25ಕ್ಕಿಂತ ಕಡಿಮೆ ಉಳಿದರೆ ಒಂದೊಂದನ್ನೇ ತೆಗೆದು ಮತ್ತೆ ಮತ್ತೆ ಓಡಿಸಿ ಪರೀಕ್ಷಿಸಬೇಕು. ಹತ್ತಕ್ಕಿಂತ ಕಡಿಮೆಯಾದರೆ ನಕ್ಷೆ ಮಾಡದಿರುವುದೇ ಮೇಲು. ಕತ್ತಲೆಕಾನಿನ ಹೆಸರನ್ನೇ ಹೊತ್ತ ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್ ಗೇರಿನ ಬಳಗದ ಮರ, ವಿಜ್ಞಾನಕ್ಕೆ ಪರಿಚಯವಾದದ್ದೇ 2000ದಲ್ಲಿ. ಅದು ಇರುವುದು ಕೈಬೆರಳೆಣಿಕೆಯ ಜಡ್ಡಿಗಳಲ್ಲಿ. ಅದಕ್ಕೆ 2070ರ ನಕ್ಷೆ ಮಾಡುವುದು ಒಂದು ಮನೆಯನ್ನು ನೋಡಿ ಊರಿನ ಜನಗಣತಿ ಬರೆದಂತೆ.

ವಿದ್ಯಾರ್ಥಿಯನ್ನು ಬಯ್ಯಬೇಡಿ, ಕೇಳಿ: ಸೋಸಿದ ಮೇಲೆ ಎಷ್ಟು ಚುಕ್ಕೆ ಉಳಿದವು? ಹೋಲಿಕೆಗೆ ತೆಗೆದುಕೊಂಡ ಹಿನ್ನೆಲೆ ಪ್ರದೇಶ ಯಾವುದು? ಇಡೀ ಭಾರತವೆಂದರೆ ರಾಜಸ್ಥಾನದ ಮರಳುಗಾಡಿನಲ್ಲಿ ರಾಮಪತ್ರೆ ಇಲ್ಲವೆಂದು ಸರಿಯಾಗಿ ಹೇಳಿದ್ದಕ್ಕೂ ತಂತ್ರಾಂಶಕ್ಕೆ ಅಂಕ ಸಿಗುತ್ತದೆ, ಎಯುಸಿ ಎಂಬ ಆ ಅಂಕ 0.95 ದಾಟಿ ಕೂರುತ್ತದೆ. ಹಿನ್ನೆಲೆಯನ್ನು ಘಟ್ಟಕ್ಕೆ ಮಾತ್ರ ಕಟ್ಟಿಹಾಕಿದರೆ ಅಂಕ ಇಳಿಯುತ್ತದೆ, ನಕ್ಷೆ ಸುಧಾರಿಸುತ್ತದೆ. ಒಂದಕ್ಕೊಂದು ಅಂಟಿಕೊಂಡ ಲೆಕ್ಕಗಳನ್ನು, ಅಂದರೆ ಪರಸ್ಪರ ಸಂಬಂಧ 0.7ಕ್ಕಿಂತ ಹೆಚ್ಚಿರುವವನ್ನು, ತೆಗೆದುಹಾಕಿದರೇ? 2070ರಲ್ಲಿ ಇಂದು ಎಲ್ಲಿಯೂ ಇಲ್ಲದ ಹವೆ ಬರುವ ಜಾಗಗಳನ್ನು ಗುರುತಿಸುವ ‘ಮೆಸ್’ ಪದರ ಮಾಡಿದ್ದಾರೆಯೇ? ಅಂಥ ಜಾಗದಲ್ಲಿ ಕೆಂಪೂ ಹಸಿರೂ ಎರಡೂ ಬರಿಯ ಊಹೆ.

ಎಲ್ಲ ಎಂಡೆಮಿಕ್ ಗಿಡಗಳ ಪಾಡು ಒಂದೇ ಅಲ್ಲ

ಜಡ್ಡಿಯ ಒಳಗೇ ವ್ಯತ್ಯಾಸವಿದೆ. ಘಟ್ಟದ ರಾಮಪತ್ರೆ ಬಳಗದ ಐದು ಮರಗಳಲ್ಲಿ ಮಿರಿಸ್ಟಿಕ ಮ್ಯಾಗ್ನಿಫಿಕ ಮತ್ತು ಜಿಮ್ನಾಕ್ರಾಂಥೆರ ಕನಾರಿಕ ಎರಡು ಮಾತ್ರ ಜಡ್ಡಿಗೇ ಅಂಟಿಕೊಂಡವು. ನೆಲದಿಂದ ಮೊಣಕಾಲಿನಂತೆ ಮಡಚಿ ಮೇಲೆದ್ದ ಬೇರು, ಕಾಂಡಕ್ಕೆ ಆತುಕೊಟ್ಟ ಕಾಲುಬೇರು ಇವುಗಳದ್ದು, ಉಸಿರಿಲ್ಲದ ಕೆಸರಿನಲ್ಲಿ ಉಸಿರಾಡಲು ಮಾಡಿಕೊಂಡ ಏರ್ಪಾಡು. ಮಾರುಕಟ್ಟೆಗೆ ಹೋಗುವ ರಾಮಪತ್ರೆ, ಕಚ್ಚು ಹಾಕಿದರೆ ಕೆಂಪು ರಸ ಸುರಿಸುವ ರಕ್ತಮರ ಜಡ್ಡಿಯ ಆಚೆಗೂ ಬೆಳೆಯುತ್ತವೆ. ಅವುಗಳ ನೆಲೆ ಕುಗ್ಗಿದರೂ ಮೆಲ್ಲಗೆ ಕುಗ್ಗುತ್ತದೆ. ಮುರುಗಲು ಕೂಡ ಪಶ್ಚಿಮ ಘಟ್ಟಕ್ಕೇ ಸೀಮಿತವಾದ ಮರ, ಆದರೆ ಕೊಂಕಣದ ಉದ್ದನೆಯ ಒಣ ಕಾಲವನ್ನು ಸಹಿಸಿ ಬಂದದ್ದು. ಎಂಡೆಮಿಕ್ ಎಂದಾಕ್ಷಣ ನಾಜೂಕು ಎಂದುಕೊಳ್ಳುವುದು ತಪ್ಪು.

ಬೆಟ್ಟದ ತುದಿಯ ಗಿಡಗಳ ಲೆಕ್ಕ ಇದಕ್ಕಿಂತ ಕಠಿಣ, ಅಲ್ಲಿ ಉಷ್ಣತೆಯೇ ನೇರ ವೈರಿ. ನೂರು ಮೀಟರು ಏರಿದರೆ ಸುಮಾರು 0.6 ಡಿಗ್ರಿ ತಂಪು. ಆದ್ದರಿಂದ 2 ಡಿಗ್ರಿ ಬಿಸಿಯಾದರೆ ಅದೇ ತಂಪಿಗಾಗಿ 300 ಮೀಟರಿಗೂ ತುಸು ಹೆಚ್ಚು ಏರಬೇಕು. ಕರ್ನಾಟಕದಲ್ಲಿ ಏರುವುದೆಲ್ಲಿಗೆ? ನಮ್ಮ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರಿಗೆ ಮುಗಿಯುತ್ತದೆ. 12 ವರ್ಷಕ್ಕೊಮ್ಮೆ ಹೂಬಿಡುವ ನೀಲಕುರಿಂಜಿಯ ನೆಲೆ 1,340ರಿಂದ 2,600 ಮೀಟರು ಎಂದು ದಾಖಲಾಗಿದೆ. 1,340 ಮೀಟರಿಗಿಂತ ಕೆಳಗೆ ಬಾಳದ ಗಿಡವೊಂದಕ್ಕೆ ಮುಳ್ಳಯ್ಯನಗಿರಿಯಲ್ಲಿ ಉಳಿಯುವುದು 590 ಮೀಟರು ಎತ್ತರದ ಶಂಕು. ಕೆಳಗಡಿ 300 ಮೀಟರು ಏರಿದರೆ 290 ಉಳಿಯುತ್ತದೆ. ಎತ್ತರ ಅರ್ಧವಾಯಿತು, ಜಾಗ ಅರ್ಧವಾಗಲಿಲ್ಲ: ಶಂಕುವಿನ ವಿಸ್ತೀರ್ಣ ಎತ್ತರದ ವರ್ಗಕ್ಕೆ ಅನುಗುಣ, ಹಾಗಾಗಿ ಉಳಿದದ್ದು ಕಾಲು ಭಾಗಕ್ಕೂ ಕಡಿಮೆ. ನಿಜವಾದ ಬೆಟ್ಟ ಶಂಕುವಲ್ಲ, ಲೆಕ್ಕ ಅಂದಾಜಿನದು, ಆದರೆ ದಿಕ್ಕು ಇದೇ. ನೀಲಕುರಿಂಜಿಯಂಥ ಗಿಡ ಒಮ್ಮೆ ಹೂಬಿಟ್ಟು ಬೀಜ ಉದುರಿಸಿ ಸಾಯುವುದರಿಂದ ಒಂದು ಸುಗ್ಗಿ ಕೆಟ್ಟರೆ ಮುಂದಿನ ಅವಕಾಶಕ್ಕೆ 12 ವರ್ಷ. ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಕೆಂಪುಪಟ್ಟಿ 2024ರಲ್ಲಿ ಅದನ್ನು ಅಪಾಯಕ್ಕೆ ಈಡಾಗಬಲ್ಲ ಸಸ್ಯವೆಂದು ಸೇರಿಸಿತು.

ಇನ್ನೂ ಎತ್ತರದ ನೀಲಗಿರಿಯಲ್ಲಿ ಮತ್ತೊಂದು ಬದಲಾವಣೆ ಇದೆ. ಅಲ್ಲಿ ಶೋಲಾ ಮರಗಳು, ಅಂದರೆ ಬೆಟ್ಟದ ಮಡಿಲಿನ ಹಸಿರು ಕಾಡಿನ ಮರಗಳು, ಹುಲ್ಲುಗಾವಲಿಗೆ ನುಗ್ಗದಂತೆ ಕಾಯುತ್ತಿದ್ದುದು ಚಳಿಗಾಲದ ಇಬ್ಬನಿ ಹೆಪ್ಪುಗಟ್ಟುವ ರಾತ್ರಿಗಳು. ಅಂಥ ರಾತ್ರಿಗಳು ಕಡಿಮೆಯಾದರೆ ಮೊದಲು ನುಗ್ಗುವುದು ಶೋಲಾ ಮರಗಳಲ್ಲ, ಹೊರಗಿನಿಂದ ತಂದು ನೆಟ್ಟ ಅಕೇಶಿಯ. ಹುಲ್ಲುಗಾವಲಿಗೇ ಸೀಮಿತವಾದ ಪುಟ್ಟ ಗಿಡಗಳಿಗೆ ಬಿಸಿಗಿಂತ ಮೊದಲು ನೆರಳು ಬಂದು ಕುಳಿತುಕೊಳ್ಳುತ್ತದೆ.

ಕರಾವಳಿಯ ಮುರಕಲ್ಲು ಪದವಿನ, ಅಂದರೆ ಕೆಂಪು ಜಂಬಿಟ್ಟಿಗೆಯ ಕಲ್ಲುಬಯಲಿನ, ಗಿಡಗಳದ್ದು ಮೂರನೆಯ ಬಗೆ. ಎರಿಯೊಕಾಲಾನ್, ಕೀಟ ಹಿಡಿಯುವ ಯುಟ್ರಿಕ್ಯುಲೇರಿಯ ಇವೆಲ್ಲ ಜೂನ್‌ನಲ್ಲಿ ಮೊಳೆತು ಮಳೆ ನಿಲ್ಲುವ ಹೊತ್ತಿಗೆ ಬೀಜವಾಗಿ ಮುಗಿಯುತ್ತವೆ. ಬೇಸಿಗೆಯ ಕಾದ ಕಲ್ಲು ಅವಕ್ಕೆ ಲೆಕ್ಕಕ್ಕಿಲ್ಲ, ಆಗ ಅವು ಬೀಜವಾಗಿ ಮಲಗಿರುತ್ತವೆ. ಅವುಗಳನ್ನು ಕೊಲ್ಲುವುದು ಜುಲೈಯಲ್ಲಿ ಹದಿನೈದು ದಿನ ಮಳೆ ಬಿಡುವುದು. ಬೆರಳುದ್ದ ಮಣ್ಣು ಎರಡೇ ಬಿಸಿಲಿಗೆ ಒಣಗುತ್ತದೆ. ಮಣ್ಣಿನಲ್ಲಿ ಉಳಿದ ಹಿಂದಿನ ವರ್ಷದ ಬೀಜ ಒಂದೆರಡು ಕೆಟ್ಟ ವರ್ಷಗಳನ್ನು ದಾಟಿಸುತ್ತದೆ. ಒಂದು ಪದವಿಗೂ ಇನ್ನೊಂದು ಪದವಿಗೂ ನಡುವೆ ಮುರಕಲ್ಲೇ ಇಲ್ಲವಾದ್ದರಿಂದ ಸರಿದು ಹೋಗುವ ಮಾತಿಲ್ಲ. ಮೇಲಾಗಿ ಕಲ್ಲು ಕೊರೆಯುವವರು ಹವೆಗಿಂತ ವೇಗವಾಗಿದ್ದಾರೆ.

ನೀವು ಅಳೆಯಬೇಕಾದ್ದು

ಜಡ್ಡಿಗೆ ಮರಳೋಣ. ಅಲ್ಲಿ ಮೊದಲು ಅಳೆಯಬೇಕಾದ್ದು ನೀರು. ಎರಡು ಇಂಚಿನ ಪಿವಿಸಿ ಪೈಪು, ಒಂದೂವರೆ ಮೀಟರು ಉದ್ದ, ಮೂರು ತೆಗೆದುಕೊಳ್ಳಿ. ಕೆಳಗಿನ 1 ಮೀಟರಿನಲ್ಲಿ ನಾಲ್ಕೈದು ಮಿ.ಮೀ. ತೂತುಗಳನ್ನು ಗೇಣಿಗೆ ಏಳೆಂಟರಂತೆ ಕೊರೆದು, ನೈಲಾನ್ ಬಲೆ ಸುತ್ತಿ, ಬುಡಕ್ಕೆ ಮುಚ್ಚಳ ಹಾಕಿ. ಬಲೆ ಇಲ್ಲದಿದ್ದರೆ ಒಂದೇ ಮಳೆಗಾಲಕ್ಕೆ ಹೂಳು ತುಂಬುತ್ತದೆ. ಒಂದನ್ನು ಜಡ್ಡಿಯ ನಡುವೆ, ಒಂದನ್ನು ಅಂಚಿನಲ್ಲಿ, ಇನ್ನೊಂದನ್ನು ಅಂಚಿನಿಂದ ಹತ್ತು ಮೀಟರು ಆಚೆ ಹುಗಿಯಿರಿ. ನೆಲದ ಮೇಲೆ 30 ಸೆಂ.ಮೀ. ಉಳಿಯಲಿ, ಬಾಯಿಗೆ ಮುಚ್ಚಳವಿರಲಿ. ಅರಣ್ಯದೊಳಗೆ ಅಗೆಯುವ ಮೊದಲು ವಲಯ ಅರಣ್ಯಾಧಿಕಾರಿಗಳ ಒಪ್ಪಿಗೆ ಬರಹದಲ್ಲಿ ಪಡೆಯಿರಿ, ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯದ ಗಡಿಯೊಳಗಾದರೆ ವನ್ಯಜೀವಿ ವಿಭಾಗದ್ದು. ಡಿಸೆಂಬರಿನಿಂದ ಮಳೆ ಕೂರುವವರೆಗೆ ವಾರಕ್ಕೊಮ್ಮೆ, ಒಂದೇ ವಾರದ ದಿನ, ಪೈಪಿನ ಬಾಯಿಂದ ನೀರಿನವರೆಗೆ ಟೇಪು ಇಳಿಸಿ ಬರೆಯಿರಿ, 30 ಸೆಂ.ಮೀ. ಕಳೆಯುವುದನ್ನು ಮರೆಯಬೇಡಿ.

ಮಳೆಯ ಲೆಕ್ಕಕ್ಕೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಪಂಚಾಯಿತಿ ಮಟ್ಟದ ಮಳೆಮಾಪಕ ಸಾಕು. ನೀರಿನ ಮಟ್ಟ ಇಳಿಯಿತು ಎಂದಾಗ ತಕ್ಷಣ ಹವೆಯನ್ನು ದೂರಬೇಡಿ. ಮಳೆ ಎಂದಿನಷ್ಟೇ ಇದ್ದು ಜಡ್ಡಿ ಮಾತ್ರ ಬೇಗ ಒಣಗಿದರೆ ಕಾರಣ ಮೇಲಿನ ತೋಟದ ಪಂಪಿನಲ್ಲೋ, ಹೊಸ ಕೊಳವೆಬಾವಿಯಲ್ಲೋ, ರಸ್ತೆಗೆ ಕಡಿದ ದರೆಯಲ್ಲೋ ಇರುತ್ತದೆ. ಹಾಗಿದ್ದರೆ ಒಳ್ಳೆಯ ಸುದ್ದಿ, ಅದನ್ನು ಊರಿನಲ್ಲೇ ಕೂತು ಸರಿಮಾಡಬಹುದು. ಹಿಂದೆ ಬಹಳ ಜಡ್ಡಿಗಳು ಅಡಿಕೆ ತೋಟವಾದದ್ದೂ ಇದೇ ನೀರಿಗಾಗಿ.

ಎರಡನೆಯದು ಮರಗಳ ಪೀಳಿಗೆ. ದೊಡ್ಡ ಮರಗಳು ನೂರಾರು ವರ್ಷ ನಿಂತಿರಬಲ್ಲವು, ಹವೆ ಕೈಬಿಟ್ಟ ಎಷ್ಟೋ ವರ್ಷದ ನಂತರವೂ ಕಾಡು ತುಂಬಿದಂತೆಯೇ ಕಾಣುತ್ತದೆ. ಆದ್ದರಿಂದ ಕೆಳಗೆ ನೋಡಿ. 20 ಮೀಟರು ಉದ್ದ, 20 ಮೀಟರು ಅಗಲದ ಎರಡು ಮೂರು ಅಂಕಣ ಗುರುತಿಸಿ, ಸುತ್ತಳತೆ 30 ಸೆಂ.ಮೀ. ಮೀರಿದ ಮರಗಳನ್ನೆಲ್ಲ ಎಣಿಸಿ. ಅದರೊಳಗೆ 5 ಮೀಟರಿನ ಎರಡು ಚೌಕಗಳಲ್ಲಿ ಎಳೆ ಮರಗಳು, 1 ಮೀಟರಿನ ನಾಲ್ಕು ಚೌಕಗಳಲ್ಲಿ ಸಸಿಗಳು. ಸಸಿಗಳಿಗೆ ಅಲ್ಯೂಮಿನಿಯಂ ಚೀಟಿ ಕಟ್ಟಿ ನವೆಂಬರಿನಲ್ಲಿ ಒಮ್ಮೆ, ರೋಹಿಣಿ ಮಳೆಗೆ ಮುಂಚೆ ಇನ್ನೊಮ್ಮೆ ಎಣಿಸಿದರೆ ಬೇಸಿಗೆ ಎಷ್ಟನ್ನು ತಿಂದಿತು ಎಂದು ತಿಳಿಯುತ್ತದೆ. ನೂರರಲ್ಲಿ ತೊಂಬತ್ತು ಸತ್ತರೂ ಗಾಬರಿ ಬೇಡ, ಕಾಡಿನಲ್ಲಿ ಅದು ಮಾಮೂಲು. ಗಾಬರಿಯಾಗಬೇಕಾದ್ದು ನಡುವಿನ ವರ್ಗ ಬರಿದಾದಾಗ: ಮೊಳಕೆ ನೂರಾರು, ಹಿರಿಮರ ಹತ್ತಾರು, ಆದರೆ ಸುತ್ತಳತೆ 10ರಿಂದ 30 ಸೆಂ.ಮೀ.ನ ಎಳೆ ಮರ ಒಂದೂ ಇಲ್ಲ ಎಂದರೆ ಎಷ್ಟೋ ಬೇಸಿಗೆಗಳಿಂದ ಸಸಿಗಳು ದಾಟುತ್ತಿಲ್ಲ ಎಂದರ್ಥ. ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸುವ ಜಾಗದಲ್ಲಿ ಒಂದು ಅಂಕಣ, ಗುಡಿಸದ ಜಾಗದಲ್ಲಿ ಒಂದು ಇಡಿ. ದರಕು ಹೋದರೆ ನೆಲದ ತೇವವೂ ಹೋಗುತ್ತದೆ, ಸಸಿಯೂ ಗುಡಿಸಿಹೋಗುತ್ತದೆ. ಅದನ್ನೂ ಹವೆಯ ಖಾತೆಗೆ ಬರೆಯಬಾರದಲ್ಲ.

ಹಕ್ಕಿಯನ್ನೂ ಗಮನಿಸಿ. ಈ ಬಳಗದ ದಪ್ಪ ಬೀಜವನ್ನು ನುಂಗಿ ದೂರ ಒಯ್ಯಬಲ್ಲವು ಮಂಗಟ್ಟೆ ಮತ್ತು ದೊಡ್ಡ ಕಾಡುಪಾರಿವಾಳಗಳು ಮಾತ್ರ. ನಕ್ಷೆಯ ಹಸಿರು ಚುಕ್ಕೆಗೂ ನಿಮ್ಮ ಕಾನಿಗೂ ನಡುವೆ ಮಂಗಟ್ಟೆ ದಾಟುವಷ್ಟು ಕಾಡಿಲ್ಲದಿದ್ದರೆ ಆ ಚುಕ್ಕೆ ಇದ್ದೂ ಇಲ್ಲ. ಅಲ್ಲಿ ಒರತೆ ಇರಬೇಕೆಂಬುದು ಬೇರೆ.

ಸಸಿ ಮಾಡಿ ಒಯ್ಯುವುದು

ಸಸಿ ಮಾಡಿ. ದೂರ ಒಯ್ಯಬೇಡಿ.

ರಾಮಪತ್ರೆ ಬಳಗದ ಬೀಜ ಒಣಗಿದರೆ ಸತ್ತಂತೆ. ಭತ್ತ, ರಾಗಿಯ ಬೀಜವನ್ನು ಒಣಗಿಸಿ ಮೈನಸ್ 20 ಡಿಗ್ರಿಯಲ್ಲಿ ದಶಕಗಳ ಕಾಲ ಇಡಬಹುದು, ಇದನ್ನು ಇಡಲಾಗದು. ಆದ್ದರಿಂದ ಇವುಗಳಿಗೆ ಬೀಜಬ್ಯಾಂಕ್ ಎಂಬುದಿಲ್ಲ, ಬದುಕಿರುವ ಮರವೇ ಬ್ಯಾಂಕ್. ಕಾಯಿ ಒಡೆದು ಬೀಜಕ್ಕೆ ಸುತ್ತಿದ ಕೆಂಪು ಪತ್ರೆ ಕಾಣುವಾಗ ಆಯ್ದು, ಅದೇ ದಿನ ಪತ್ರೆಯನ್ನು ನೀರಿನಲ್ಲಿ ಬಿಡಿಸಿ, ಎರಡು ಮೂರು ದಿನದೊಳಗೆ ಬಿತ್ತಿ. ದಾರಿಯಲ್ಲಿ ಒಯ್ಯುವಾಗ ಒದ್ದೆ ಬಾಳೆಪಟ್ಟೆಯಲ್ಲೋ ಹಸಿ ಮರದ ಹೊಟ್ಟಿನಲ್ಲೋ ಸುತ್ತಿ. ಪ್ಲಾಸ್ಟಿಕ್ ಚೀಲ ಕಟ್ಟಿ ಬಿಸಿಲಲ್ಲಿ ಬೈಕಿಗೆ ನೇತುಹಾಕಿದರೆ ಬೆಂದುಹೋಗುತ್ತದೆ, ಫ್ರಿಜ್ಜಿನಲ್ಲಿಟ್ಟರೂ ಕೆಡುತ್ತದೆ. ಒದ್ದೆ ಮರಳಿನಲ್ಲಿ ಬೀಜವನ್ನು ಮಲಗಿಸಿ ಅರ್ಧ ಹೂತು, ದಟ್ಟ ನೆರಳು ಕೊಡಿ. ಮೊಳಕೆಗೆ ವಾರಗಳು ಬೇಕು, ಕೆಲವಕ್ಕೆ ತಿಂಗಳುಗಳು. ಹುಟ್ಟಲಿಲ್ಲವೆಂದು ಕೆದಕಿ ನೋಡುವುದೇ ಅರ್ಧ ಬೀಜಗಳ ಸಾವಿಗೆ ಕಾರಣ. ತಾಯಿಬೇರು ಉದ್ದವಾಗಿ ಇಳಿಯುವುದರಿಂದ ಗಿಡ್ಡ ಚೀಲ ಬೇಡ, ಬೇರು ಸುರುಳಿ ಸುತ್ತಿದ ಸಸಿ ನೆಟ್ಟ ಮೇಲೆ ಮೂರನೆಯ ಬೇಸಿಗೆಗೆ ಬೀಳುತ್ತದೆ. ಜಡ್ಡಿಗೇ ಅಂಟಿದ ಎರಡು ಜಾತಿಗಳ ಚೀಲಗಳನ್ನು ಒಂದು ಇಂಚು ನೀರು ನಿಲ್ಲುವ ತಟ್ಟೆಯಲ್ಲಿಡಿ.

ಬೀಜವನ್ನು ಒಂದೇ ಮರದಿಂದ ತರಬೇಡಿ. ಈ ಬಳಗದಲ್ಲಿ ಗಂಡುಮರ ಬೇರೆ, ಹೆಣ್ಣುಮರ ಬೇರೆ, ಹೂಬಿಡುವವರೆಗೆ ಯಾವುದು ಯಾವುದೆಂದು ಗೊತ್ತಾಗದು. ಇಪ್ಪತ್ತು ತಾಯಿಮರಗಳಾದರೂ ಸಿಕ್ಕರೆ ಒಳಿತು. ಒಂದು ಮರದ ಕಾಯಿಯಲ್ಲಿ ಐದನೆಯ ಒಂದಕ್ಕಿಂತ ಹೆಚ್ಚು ತೆಗೆಯಬೇಡಿ, ಉಳಿದದ್ದು ಮಂಗಟ್ಟೆಯ ಪಾಲು. ನೆಡುವಾಗಲೂ ಒಂಟಿ ಸಸಿ ಬೇಡ, ಒಂದೆಡೆ ಇಪ್ಪತ್ತು ಮೂವತ್ತರ ಗುಂಪಾಗಿ ನೆಡಿ.

ಎಲ್ಲಿಗೆ ಒಯ್ಯಬೇಕು ಎಂದರೆ, ಅದೇ ಹಳ್ಳದ ಮೇಲಕ್ಕೂ ಕೆಳಕ್ಕೂ, ಒಂದೆರಡು ಕಿಲೋಮೀಟರಿನೊಳಗೆ, ಹಿಂದೆ ಜಡ್ಡಿಯಾಗಿದ್ದು ಈಗ ಬರಿದಾದ ಜಾಗಗಳಿಗೆ. ಮೇ ಕೊನೆಯಲ್ಲಿ ಹಳ್ಳದುದ್ದಕ್ಕೂ ನಡೆದು, ಆಗಲೂ ಕಾಲಿಗೆ ಕೆಸರು ಹತ್ತುವ ಜಾಗಗಳಿಗೆ ಗೂಟ ಹೊಡೆದು ಬನ್ನಿ. ಕೆಟ್ಟ ಬೇಸಿಗೆಯಲ್ಲೂ ಒದ್ದೆಯಿದ್ದ ಆ ಗೂಟಗಳೇ ನಿಮ್ಮ 2070ರ ನಕ್ಷೆಯ ಹಸಿರು ಚುಕ್ಕೆಗಳು. ಜೂನ್, ಜುಲೈಯಲ್ಲಿ ಅಲ್ಲಿ ನೆಡಿ, ಹರಿವಿನ ನಡುವೆ ಬೇಡ, ಪ್ರವಾಹ ಕಿತ್ತೊಯ್ಯದ ಅಂಚಿನಲ್ಲಿ, ನೆರಳಿನ ಕೆಳಗೆ. ಬೇರೆ ಜಿಲ್ಲೆಯ ಜಡ್ಡಿಯಿಂದ ಸಸಿ ತಂದು ಬೆರೆಸುವುದನ್ನು ಬಿಡಿ. ಉತ್ತರ ಕನ್ನಡದ ಮರಗಳು ಉದ್ದನೆಯ ಒಣಗನ್ನು ದಾಟಿ ಉಳಿದ ಪೀಳಿಗೆ, ದಕ್ಷಿಣದ ಸಸಿಗೆ ಆ ಅಭ್ಯಾಸ ಇಲ್ಲದಿರಬಹುದು. ಮುಂದೊಂದು ದಿನ ಬೀಜ ಒಯ್ಯುವುದಾದರೆ ಇಲ್ಲಿಂದ ದಕ್ಷಿಣಕ್ಕೆ ಒಯ್ಯುವುದೇ ಹೆಚ್ಚು ತರ್ಕಬದ್ಧ. ಅದನ್ನು ರಾಜ್ಯ ಜೀವವೈವಿಧ್ಯ ಮಂಡಳಿ, ಅರಣ್ಯ ಇಲಾಖೆ ಕೂತು ತೀರ್ಮಾನಿಸಬೇಕು, ನಿಮ್ಮ ಸಮಿತಿಯೊಂದೇ ಅಲ್ಲ.